ಆಷಾಢದ ಗಾಳಿಯಲ್ಲಿ ಒಂದು ಗಂಟು

ಆ ಭಾನುವಾರ ಕಳೆದು ಎರಡು ತಿಂಗಳಾಯಿತು. ಈಗಲೂ ನೈಲಾನ್ ದಾರ ಬೆರಳಿಗೆ ಸಿಕ್ಕಿದರೆ ಆ ನಾಲ್ಕು ನಿಮಿಷ ನೆನಪಾಗುತ್ತದೆ.

ಗಾಳ ಹಾಕೋದು, ಸಣ್ಣ ಬೋಟ್ ನಡೆಸೋದು, ಇವೆರಡನ್ನೂ ಹೊಸಬರಿಗೆ ಕಲಿಸೋದು ನನ್ನ ಕೆಲಸ. ಬೆಳಿಗ್ಗೆ 5.30ಕ್ಕೆ ಬನಶಂಕರಿಯಿಂದ ವ್ಯಾನ್ ಹೊರಡುತ್ತದೆ. ಕನಕಪುರ ರಸ್ತೆಯ ಕಡೆ ಒಂದು ಖಾಸಗಿ ತೋಟದ ಕೆರೆಯಲ್ಲಿ ನಮ್ಮ ಬ್ಯಾಚ್ ನಡೆಯುತ್ತದೆ. ಬರುವವರು ಹೆಚ್ಚಾಗಿ ಐಟಿಯವರು. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತವರು, ನೀರು ಕಂಡ ತಕ್ಷಣ ಮಕ್ಕಳಾಗುತ್ತಾರೆ. ಅವರ ಆ ಖುಷಿ ನೋಡೋಕೇ ನಾನು ಈ ಕೆಲಸದಲ್ಲಿ ಇದ್ದೇನೆ ಅಂದರೂ ತಪ್ಪಿಲ್ಲ.

ಮೊದಲೆಲ್ಲ ದಡದ ಕ್ಲಾಸು ಒಂದು ದಿನ, ಬೋಟ್ ಕ್ಲಾಸು ಇನ್ನೊಂದು ದಿನ ಇರುತ್ತಿತ್ತು. ಆಮೇಲೆ ನಮ್ಮ ಆಫೀಸಿನವರು ಎರಡನ್ನೂ ಸೇರಿಸಿ ಮೂರು ಗಂಟೆಗೆ ಇಳಿಸಿದರು. ಒಂದು ಬೋಟ್‌ಗೆ ಮೂರು ಜನ, ಜೊತೆಗೆ ನಾನು. ಬೋಟ್ 12 ಅಡಿಯದು, ಫೈಬರ್, ತಳ ಚಪ್ಪಟೆ. ನಾಲ್ಕು ಜನ ಕೂತರೆ ಅಂಚಿಗೂ ನೀರಿಗೂ ಒಂದು ಗೇಣು ಉಳಿದರೆ ಹೆಚ್ಚು. ಇದು ಜಾಸ್ತಿ ಆಯಿತು ಅಂತ ನಾನು ಹೇಳಿದ್ದೆ. ಒಂದು ಸಲ ಹೇಳಿ ಸುಮ್ಮನಾದೆ. ಇನ್ನೊಂದು ಸಲ ಹೇಳಬೇಕಿತ್ತು.

ಅವತ್ತು ಬೆಳಿಗ್ಗೆ ದಡದ ಮೇಲೆ ಎಲ್ಲ ಚೆನ್ನಾಗೇ ಆಯಿತು. ಕೊಕ್ಕೆಗೆ ಸಿಕ್ಕಿಸೋಕೆ ರಾಗಿ ಮುದ್ದೆ ಗಟ್ಟಿಯಾಗಿ ನಾದಿ ಉಂಡೆ ಮಾಡಿದೆವು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ. ಅದಕ್ಕೆ ತಕ್ಕಂತೆ ಬೆಂಡು ಎಲ್ಲಿ ಕಟ್ಟಬೇಕು ಅಂತ ತೋರಿಸಿದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಸಿದೆ. ಲೈಫ್ ಜಾಕೆಟ್ ಹಾಕಿಸಿ, ಭುಜದ ಪಟ್ಟಿ ಮೇಲಕ್ಕೆತ್ತಿ ನೋಡಿ, ಸೊಂಟದ ಬಕಲ್ ಒಬ್ಬೊಬ್ಬರದೂ ನಾನೇ ಎಳೆದು ನೋಡಿದೆ. ನೀರಿಗೆ ಬಿದ್ದವರನ್ನು ಪಕ್ಕದಿಂದ ಎತ್ತಬಾರದು, ಬೋಟಿನ ಹಿಂಬದಿಯಿಂದ ಎತ್ತಬೇಕು ಅಂತ ನೆಲದ ಮೇಲೇ ಮಾಡಿ ತೋರಿಸಿದೆ.

ಆಷಾಢದ ಗಾಳಿ ಗೊತ್ತಲ್ವಾ? ಬೆಂಗಳೂರಿನ ಕಡೆ ಆ ತಿಂಗಳು ಮಳೆಗಿಂತ ಗಾಳಿಯೇ ಮೇಲುಗೈ. ಎಂಟು ಗಂಟೆವರೆಗೆ ಕನ್ನಡಿಯಂತಿದ್ದ ಕೆರೆ, ಒಂಬತ್ತಕ್ಕೆ ಪಡುವಣದಿಂದ ಗಾಳಿ ಎದ್ದು ಏರಿಯ ಕಲ್ಲಿಗೆ ಅಲೆ ಬಡಿಯುತ್ತಿತ್ತು. ನಾನು ಹುಟ್ಟು ಹಾಕುತ್ತಾ ಬೋಟಿನ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದಿದ್ದೆ. ಹಾಗೇ ಹಿಡಿದುಕೊಂಡೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಮುಂದೆ ಕೂತಿದ್ದ ಹುಡುಗನ ದಾರ ಜೊಂಡಿಗೆ ಸಿಕ್ಕಿ ತುಂಡಾಯಿತು. ಅವನ ಮುಖ ಸಪ್ಪಗಾಯಿತು. ಉಳಿದದ್ದು ಅರ್ಧ ಗಂಟೆ. ಪ್ರತಿಯೊಬ್ಬರಿಗೂ ಮೀನಿನ ಜೊತೆ ಒಂದು ಫೋಟೋ ಇರಬೇಕು ಅನ್ನೋದು ಆಫೀಸಿನ ಲೆಕ್ಕ. ಎರಡೂ ಹುಟ್ಟು ಒಳಗೆಳೆದು ಇಟ್ಟೆ. "ಕೊಡಿ, ಒಂದು ನಿಮಿಷದಲ್ಲಿ ಕಟ್ಟಿ ಕೊಡ್ತೀನಿ" ಅಂದೆ.

ದಾರಕ್ಕೆ ಕೊಕ್ಕೆ ಕಟ್ಟುವ ಕ್ಲಿಂಚ್ ಗಂಟಿಗೆ ಐದು ಸುತ್ತು ಬೇಕು. ತುದಿಯನ್ನು ಕೊಕ್ಕೆಯ ಕಣ್ಣಿನ ಪಕ್ಕದ ಕುಣಿಕೆಯೊಳಗೆ ತೂರಿಸಿ, ಉಗುಳು ಹಚ್ಚಿ ನಿಧಾನವಾಗಿ ಬಿಗಿಯಬೇಕು. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸವೆದು ಅಲ್ಲೇ ಹರಿಯುತ್ತದೆ. ಗಾಳಿಗೆ ದಾರದ ತುದಿ ಕುಣಿಯುತ್ತಿತ್ತು. ಮೊದಲ ಸಲ ಸುತ್ತು ಬಿಚ್ಚಿತು. ಎರಡನೇ ಸಲ ಕೊಕ್ಕೆ ಬಿತ್ತು, ತಳದಲ್ಲಿ ಹುಡುಕಿದೆ. ಮೂರನೇ ಸಲ ಕಟ್ಟುವಾಗ ನನ್ನ ಕಣ್ಣೆಲ್ಲ ಬೆರಳ ತುದಿಯಲ್ಲಿತ್ತು.

ಅಷ್ಟರಲ್ಲಿ ಗಾಳಿ ಬೋಟನ್ನು ಅಡ್ಡ ತಿರುಗಿಸಿತ್ತು. ನಡುವೆ ಕೂತಿದ್ದವರು ಜೇಬಿನಿಂದ ಫೋನ್ ತೆಗೆಯೋಕೆ ಸೊಂಟದ ಬಕಲ್ ಬಿಚ್ಚಿದ್ದರು. ನನಗೆ ಎರಡೂ ಗೊತ್ತಾಗಲಿಲ್ಲ. "ಸರ್, ಸಿಕ್ತು!" ಅನ್ನೋ ಕೂಗು ಕೇಳಿ ತಲೆ ಎತ್ತಿದರೆ ಅವರು ನಿಂತಿದ್ದರು. ರಾಡ್ ಬಿಲ್ಲಿನಂತೆ ಬಾಗಿತ್ತು. ಮೀನು ನೋಡೋಕೆ ಮುಂದಿನ ಹುಡುಗ ಅದೇ ಬದಿಗೆ ವಾಲಿದ. ಅಲೆ ಅಂಚು ದಾಟಿ ಒಳಗೆ ಬಂತು. ನಿಂತಿದ್ದವರು ನೀರಿಗೆ ಬಿದ್ದರು.

ಜಾಕೆಟ್ ಮೇಲೆ ತೇಲಿತು, ಅವರು ಕೆಳಗೆ ಜಾರಿದರು. ಜಾಕೆಟ್ ಕಿವಿಯವರೆಗೆ ಬಂದು, ಮುಖ ಅದರೊಳಗೆ ಹುದುಗಿ, ಎರಡು ಕೈ ಮಾತ್ರ ಮೇಲೆ ಕಾಣುತ್ತಿದ್ದವು. ಅವರಿಗೆ ಈಜು ಬರುತ್ತಿತ್ತು. ಆದರೆ ಈಜುಕೊಳವೇ ಬೇರೆ. ಇಲ್ಲಿ ಪ್ಯಾಂಟು, ಶೂ, ಕಾಲಿಗೆ ಸುತ್ತಿದ ದಾರ, ಬಾಯೊಳಗೆ ಕೆರೆ ನೀರು.

ಆಗ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಪಕ್ಕದಿಂದಲೇ ಬಗ್ಗಿ ಕೈ ಚಾಚಿದೆ. ಬೆಳಿಗ್ಗೆ ಯಾವುದನ್ನು ಮಾಡಬೇಡಿ ಅಂದಿದ್ದೆನೋ ಅದನ್ನೇ ಮಾಡಿದೆ. ಬೋಟ್ ಇನ್ನಷ್ಟು ವಾಲಿತು. ಹಿಂದೆ ಕೂತಿದ್ದ ಮೇಡಂ ಬೆಳಿಗ್ಗೆಯಿಂದ ಹೆಚ್ಚು ಮಾತಾಡಿರಲಿಲ್ಲ. ಕಾಸ್ಟಿಂಗ್, ಅಂದರೆ ಗಾಳ ಬೀಸಿ ಎಸೆಯೋದು, ಸರಿಯಾಗಿ ಬರುತ್ತಿಲ್ಲ ಅಂತ ಅವರ ಬಗ್ಗೆ ನನಗೇ ಸ್ವಲ್ಪ ಅಳುಕಿತ್ತು. ಅವರು ಆ ಹುಡುಗನ ಜಾಕೆಟ್ ಹಿಡಿದು ಬೋಟಿನ ತಳಕ್ಕೆ ಕೂರಿಸಿ, "ಸರ್, ಹಿಂದಿನಿಂದ ಅಂದಿದ್ರಲ್ಲ" ಅಂದರು.

ಅಷ್ಟು ಕೇಳಿದ್ದೇ ನನಗೆ ಎಚ್ಚರ ಬಂತು. ಹುಟ್ಟು ಚಾಚಿದೆ, ನೀರಿನಲ್ಲಿದ್ದವರು ಹಿಡಿದುಕೊಂಡರು. ಹುಟ್ಟಿನ ಜೊತೆಗೇ ಅವರನ್ನು ಹಿಂಬದಿಗೆ ತಂದು, ಕಾಲಿನ ದಾರ ಕತ್ತರಿಸಿ, ಮೇಡಂ ಮತ್ತು ನಾನು ಭುಜದ ಪಟ್ಟಿ ಹಿಡಿದು ಎಳೆದುಕೊಂಡೆವು. ಅವರು ಕೆಮ್ಮಿ ಕೆಮ್ಮಿ ನೀರು ಕಾರಿದರು. ಉಸಿರು ಸಿಕ್ಕ ಮೇಲೆ ಮೊದಲು ಕೇಳಿದ್ದು, "ರಾಡ್ ಹೋಯ್ತಾ ಸರ್? ಸಾರಿ". ನನಗೆ ಮಾತು ಹೊರಡಲಿಲ್ಲ. ನನ್ನ ಎಡಗೈ ಬೆರಳಿಗೆ ಆ ಅರ್ಧ ಕಟ್ಟಿದ ಗಂಟು ಇನ್ನೂ ಸುತ್ತಿಕೊಂಡಿತ್ತು.

ಕೆರೆ ನೀರು ಬಾಯಿಗೆ ಹೋಗಿತ್ತು, ಹಾಗಾಗಿ ವಾಪಸ್ ಬರುವಾಗ ಡಾಕ್ಟರ ಹತ್ತಿರ ತೋರಿಸಿದೆವು. ಏನೂ ತೊಂದರೆ ಆಗಲಿಲ್ಲ. ಸಂಜೆ ತುಂಬಬೇಕಾದ ಫಾರ್ಮಿನಲ್ಲಿ ಎಷ್ಟು ಮೀನು, ಎಷ್ಟು ಫೋಟೋ, ಯಾವ ರಾಡ್ ಹಾಳು ಅಂತೆಲ್ಲ ಕಾಲಂ ಇದೆ. ಒಬ್ಬ ಮನುಷ್ಯ ನೀರಿಗೆ ಬಿದ್ದ ಅಂತ ಬರೆಯೋಕೆ ಜಾಗ ಇಲ್ಲ. ರಾಡ್ ಹಾಳಾದ ಕಾಲಂ ಪಕ್ಕದಲ್ಲೇ ಎಲ್ಲ ಬರೆದೆ. "ಯಾರಿಗೂ ಏನೂ ಆಗಿಲ್ವಲ್ಲ" ಅಂತ ಉತ್ತರ ಬಂತು. ಆ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ.

ಭೀಮೇಶ್ವರಿಯ ಕಡೆ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದ ಒಬ್ಬ ಅಣ್ಣನ ಹತ್ತಿರ ನಾನು ನೀರಿನ ಕೆಲಸ ಕಲಿತದ್ದು. ವನ್ಯಧಾಮದೊಳಗೆ ಗಾಳ ಹಾಕೋದು ನಿಲ್ಲುವ ಮೊದಲಿನ ಮಾತು. ಬಿಳಿ ಮೀನಿಗೆ, ಅಂದರೆ ಮಹಸೀರ್‌ಗೆ, ರಾಗಿ ಉಂಡೆ ಹಾಕಿ ಕಾಯುತ್ತಿದ್ದ ದಿನಗಳವು. ನದಿಯ ನಡುವೆ ಅತಿಥಿಗಳ ದಾರ ಸಿಕ್ಕಾದರೆ ಆ ಅಣ್ಣ ಮುಟ್ಟುತ್ತಲೇ ಇರಲಿಲ್ಲ. ಹರಿಗೋಲನ್ನು ದಡಕ್ಕೆ ತಂದು, ಇಳಿದು, ಆಮೇಲೆ ಬಿಡಿಸುತ್ತಿದ್ದ. ವಿದೇಶದ ರಾಡ್ ಅಂದರೆ ಹೆದರಿಕೆ ಇರಬೇಕು ಅಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ನಂಬಿದ್ದೆ.

ಈಗ ನೀರಿನ ಮೇಲೆ ನಾನು ಗಂಟು ಕಟ್ಟೋದಿಲ್ಲ. ಹತ್ತು ರಿಗ್‌ಗಳನ್ನು, ಅಂದರೆ ಕೊಕ್ಕೆ ಕಟ್ಟಿದ ದಾರದ ತುಂಡುಗಳನ್ನು, ಹಿಂದಿನ ರಾತ್ರಿಯೇ ಕಟ್ಟಿ ಥರ್ಮೊಕೋಲ್ ತುಂಡಿಗೆ ಸುತ್ತಿ ಇಡುತ್ತೇನೆ, ರಾಡ್‌ನ ದಾರದ ತುದಿಗೆ ಅವನ್ನು ಸಿಕ್ಕಿಸುವ ಕ್ಲಿಪ್, ಸ್ನ್ಯಾಪ್ ಸ್ವಿವೆಲ್. ಹರಿದರೆ ಕಲಿಯುವವರೇ ಸಿಕ್ಕಿಸಿಕೊಳ್ಳುತ್ತಾರೆ. ಅದೂ ಆಗದಿದ್ದರೆ ದಡಕ್ಕೆ ಬರುತ್ತೇವೆ, ಮೀನು ಸಿಗದಿದ್ದರೂ ಸರಿ. ಫೋನ್ ಎಲ್ಲ ಹತ್ತುವ ಮೊದಲೇ ಒಣ ಚೀಲಕ್ಕೆ ಹೋಗುತ್ತದೆ. ಬೋಟಿನಲ್ಲಿ ಇರುವಷ್ಟು ಹೊತ್ತು ನನ್ನ ಕೈಯಲ್ಲಿ ಹುಟ್ಟು ಬಿಟ್ಟು ಬೇರೇನೂ ಇರೋದಿಲ್ಲ.

ಇನ್ನೊಂದು ಬೋಟ್ ಕೇಳಿದ್ದೇನೆ. ಫೈಲ್ ಆಫೀಸಿನಲ್ಲೇ ಇದೆ. ಅಲ್ಲಿಯವರೆಗೆ ಒಂದು ಸಲಕ್ಕೆ ಇಬ್ಬರನ್ನೇ ಹತ್ತಿಸುತ್ತೇನೆ ಅಂತ ಬರೆದು ಕೊಟ್ಟಿದ್ದೇನೆ. ಹೋದ ಭಾನುವಾರ ಆ ಮೇಡಂ ಮತ್ತೆ ಬಂದಿದ್ದರು. ಮೂರನೆಯವರಾಗಿ ಏರಿಯ ಮೇಲೆ ಕೂತು, ಕೊಕ್ಕೆಯನ್ನು ಬಾಯ ಹತ್ತಿರ ತಂದು ಉಗುಳು ಹಚ್ಚಿ, ಐದು ಸುತ್ತಿನ ಗಂಟನ್ನು ಮೊದಲ ಸಲವೇ ಸರಿಯಾಗಿ ಬಿಗಿದರು.