ಕರಿ ಎರಡು, ಬಿಳಿ ಎರಡು

ನಮ್ಮ ಕಾಕಾನ ಲೆಕ್ಕದಲ್ಲಿ ಮನುಷ್ಯರಿಗೆಲ್ಲ ಎರಡೆರಡು ಹೆಸರು. ಒಂದು ಹೆತ್ತವರು ಇಟ್ಟದ್ದು, ಇನ್ನೊಂದು ಪೇಟಿಯ, ಅಂದರೆ ಹಾರ್ಮೋನಿಯಂನ, ಮೇಲೆ ಅವರ ದನಿ ಎಲ್ಲಿ ಕೂಡುತ್ತದೋ ಆ ಪಟ್ಟಿಯದು. ಅವನ ಹೆಂಡತಿ, ನಮ್ಮ ಕಾಕು, ‘ಕರಿ ಐದು’. ಕೆಳಗಿನ ಕಿರಾಣಿ ಅಂಗಡಿಯವರು ‘ಬಿಳಿ ಒಂದು’. ನಾನು ‘ಬಿಳಿ ಐದು’, ನೆಗಡಿಯಾದರೆ ‘ಕರಿ ಮೂರು’. ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಹೀಗೆ ಎಣಿಸಿ ಹೇಳುವುದು ಮಹಾರಾಷ್ಟ್ರದ ಹಾಡುಗಾರರಲ್ಲೆಲ್ಲ ರೂಢಿ: ಕಾಳಿ ಏಕ, ಕಾಳಿ ದೋನ, ಪಾಂಢರಿ ಚಾರ. ಗಂಡಸರ ದನಿ ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರ ಸುತ್ತ ಓಡಾಡುತ್ತದೆ, ಹೆಂಗಸರದು ಬಿಳಿ ಐದರಿಂದ ಕರಿ ಐದರವರೆಗೆ. ಕಾಕಾ ಮಾತ್ರ ಅದನ್ನು ಕರೆಯುವ ಹೆಸರನ್ನೇ ಮಾಡಿಕೊಂಡಿದ್ದ. ಫೋನ್ ಎತ್ತಿದರೆ, “ಏನವಾ ಬಿಳಿ ಐದು, ಊಟ ಆತೇನು?”

ಕಾಕಾ ಧಾರವಾಡದಿಂದ ಪುಣೆಗೆ ಬಂದದ್ದು ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ನೌಕರಿಗೆ. ಹಗಲು ಅಲ್ಲಿ, ಸಂಜೆ ಪೇಟಿ. ರಾಯರ ಆರಾಧನೆ, ಪುಷ್ಯ ಅಮಾವಾಸ್ಯೆಯ ಪುರಂದರದಾಸರ ಆರಾಧನೆ, ನವೆಂಬರದ ರಾಜ್ಯೋತ್ಸವ, ಗಲ್ಲಿಯ ಗಣಪತಿ, ಯಾರದೋ ಮನೆಯ ತೊಟ್ಟಿಲು, ಎಲ್ಲದಕ್ಕೂ ಹಾಜರು. ಬಜಾಜ್ ಚೇತಕ್‌ನ ಮುಂದೆ ಕಾಲ ಬಳಿ ಪೇಟಿ, ಅದರ ಮೇಲೆ ಕಿರಿಯ ಮಗಳು, ಹಿಂದೆ ಹಿರಿಯವಳನ್ನು ನಡುವೆ ಹಿಚುಕಿಕೊಂಡು ಕಾಕು. ಆ ಸ್ಕೂಟರೂ ಪುಣೆಯ ಆಕುರ್ಡಿಯಲ್ಲೇ ಹುಟ್ಟಿದ್ದು. “ನಾವು ಹೊರಗಿನವ್ರು, ಗಾಡಿ ಊರಾಂದು. ಪೊಲೀಸ್ರು ಅದರ ಮಾರಿ ನೋಡಿ ಬಿಡ್ತಾರ” ಅನ್ನುತ್ತಿದ್ದ. ಪೊಲೀಸರು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಸಂಭಾವನೆ ಎಂದು ಬರುತ್ತಿದ್ದದ್ದು ಹೆಚ್ಚಾಗಿ ಶಾಲು, ತೆಂಗಿನಕಾಯಿ. ಕಾಯಿ ಚಟ್ನಿಗಾಯಿತು. ಶಾಲುಗಳು ಕಪಾಟು ತುಂಬಿ ಹೊರಗೆ ಬಂದಾಗ ಕಾಕು ಒಂದು ಬೇಸಿಗೆ ಕೂತು ಅವನ್ನೆಲ್ಲ ಪದರು ಪದರಾಗಿ ಇಟ್ಟು ಕೌದಿ ಹೊಲಿದರು. ಜರಿ ಅಂಚಿನ ಆ ಕೌದಿ ಚುಚ್ಚುತ್ತಿತ್ತು. “ಸನ್ಮಾನ ಅಂದ್ರ ಹಿಂಗ, ಹೊತ್ಕೊಂಡ್ರ ಕಡೀತದ” ಎಂದು ಕಾಕಾ ಅದನ್ನೇ ಹೊದೆಯುತ್ತಿದ್ದ. ಕಾಕು ನಗುತ್ತಿದ್ದರು ನಿಜ. ಆದರೆ ತಿಂಗಳ ಕೊನೆಗೆ ಕಿರಾಣಿ ಲೆಕ್ಕ ಕೂಡಿಸುವವರೂ ಅವರೇ. ಮನೆಯಲ್ಲೊಬ್ಬ ನಗಿಸುವವನಿದ್ದರೆ ಚಿಂತೆ ಮಾಡುವ ಪಾಳಿ ಪೂರ್ತಿ ಇನ್ನೊಬ್ಬರಿಗೆ ಬರುತ್ತದೆ ಎಂಬುದನ್ನು ನಾನು ಆ ಮನೆಯಲ್ಲಿ ನೋಡಿದ್ದೇನೆ.

ಹಾಗೆಂದು ಮನೆಗೆಲಸ ತಪ್ಪಿಸಿಕೊಳ್ಳುವ ಗಂಡಸಲ್ಲ. ಹೆಣ್ಣುಮಕ್ಕಳಿಬ್ಬರ ಜಡೆ ಅವನದೇ. ಮೂರು ಕಾಲಿನ ಜಡೆಗೆ ಆರು ಮಾತ್ರೆಯ ದಾದರಾ ತಾಳ ಸರಿಹೊಂದುತ್ತದೆ ಎಂದು ‘ಧಾ ಧೀ ನಾ, ಧಾ ತೂ ನಾ’ ಅನ್ನುತ್ತ ಹೆಣೆಯುತ್ತಿದ್ದ. ಸಮ್‌ ಬಂದಾಗ, ಅಂದರೆ ತಾಳ ಸುತ್ತಿ ಮೊದಲ ಮಾತ್ರೆಗೆ ಮರಳಿದಾಗ, ಒಂದು ಜಗ್ಗು. ಹುಡುಗಿಯರು ಚೀರುತ್ತಿದ್ದರು. ಹಿರಿಯವಳಿಗೆ ಇವತ್ತಿಗೂ ದಾದರಾ ಕೇಳಿದರೆ ನೆತ್ತಿ ಉರಿಯುತ್ತದಂತೆ.

ಆಗ ಊರಿಗೆ ಹೋಗಬೇಕಾದರೆ ಮಿರಜದಲ್ಲಿ ದೊಡ್ಡ ಗಾಡಿ ಇಳಿದು ಹುಬ್ಬಳ್ಳಿಯ ಮೀಟರ್‌ಗೇಜ್ ಸಣ್ಣ ಗಾಡಿ ಹತ್ತಬೇಕು. ಮಿರಜ ಎಂದರೆ ಸಿತಾರು, ತಂಬೂರಿ ಕಟ್ಟುವವರ ಊರು. ದೊಡ್ಡ ಹಾಡುಗಾರ ಅಬ್ದುಲ್ ಕರೀಂ ಖಾನ್ ಸಾಹೇಬರು ಇದ್ದ ಊರು. ಒಮ್ಮೆ ಮದುವೆಗೆ ಹೊರಟಾಗ, ಗಾಡಿಗೆ ಬಹಳ ಹೊತ್ತಿದೆ ಎಂದು ನಮ್ಮನ್ನೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕುಗಳ ನಡುವೆ ಕೂಡಿಸಿ, “ಖಾನ್ ಸಾಹೇಬ್ರ ಗೋರಿಗೆ ಒಂದು ನಮಸ್ಕಾರ ಹಾಕಿ ಬರ್ತೀನಿ” ಎಂದು ದರ್ಗಾದ ಕಡೆ ಹೋದ. ಸಣ್ಣ ಗಾಡಿ ಸೀಟಿ ಹಾಕಿದಾಗಲೂ ಪತ್ತೆಯಿಲ್ಲ. ಕಾಕು ಬೈಯುವುದನ್ನೂ ಬಿಟ್ಟು ಅಳುವುದಕ್ಕೆ ಬಂದಿದ್ದರು. ಗಾಡಿ ಹೊರಟ ಮೇಲೆ ಕೊನೆಯ ಡಬ್ಬಿ ಹತ್ತಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಡಬ್ಬಿಗೆ ಬಂದವನ ಕೈಯಲ್ಲಿ ಕುಂಬಳಕಾಯಿ! ತಂಬೂರಿಗೆ ಬಳಸುವ ಜಾತಿಯ ಒಣ ಕಾಯಿ, ಒಡೆದದ್ದೆಂದು ಯಾರೋ ಸುಮ್ಮನೆ ಕೊಟ್ಟಿದ್ದರಂತೆ. ಮದುವೆಮನೆಗೆ ಅದನ್ನೇ ಹೊತ್ತುಕೊಂಡು ಹೋದೆವು.

ಡಿಸೆಂಬರದಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ ಬಂತೆಂದರೆ ಆ ಚುಚ್ಚುವ ಕೌದಿಯೂ ಹೊರಡುತ್ತಿತ್ತು. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ್ದು. ಹೀಗಾಗಿ ಕಾಕಾನ ಮಟ್ಟಿಗೆ ಅದು ನಮ್ಮ ಕಡೆಯವರ ಮನೆಗೆಲಸ. ಆಗಿನ್ನೂ ರಾತ್ರಿ ಹತ್ತರ ಧ್ವನಿವರ್ಧಕದ ಕಟ್ಟಳೆ ಇರಲಿಲ್ಲ, ಬೆಳತನಕ ನಡೆಯುತ್ತಿತ್ತು. ಭೀಮಸೇನ ಜೋಶಿಯವರು ಕೊನೆಗೆ ಹಾಡಲು ಕೂಡುವ ಹೊತ್ತಿಗೆ ಮಕ್ಕಳು ಮಲಗಿಬಿಟ್ಟಿರುತ್ತಿದ್ದವು. ಕಾಕಾ ಮಾತ್ರ ಹಾಡುವವರಿಗಿಂತ ಹೆಚ್ಚು ಪೇಟಿಯವರನ್ನೇ ನೋಡುತ್ತಿದ್ದ. ಹಾಡುವವರು ಹಾಕಿದ ತಾನವನ್ನು ಹಿಂದೆಯೇ ಹೋಗಿ ಹಿಡಿಯಬೇಕು, ಆದರೆ ಮೈಮೇಲೆ ಬೀಳಬಾರದು. ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನು ತುಂಬಬೇಕು, ಅವರು ಬಾಯಿ ತೆರೆದ ಕೂಡಲೇ ಸರಿದು ನಿಲ್ಲಬೇಕು. “ಸಾಥ್ ಕೊಡೂದಂದ್ರ ಸಂಸಾರ ಇದ್ದಂಗ” ಎಂದು ಒಮ್ಮೆ ಶುರುಮಾಡಿದವನಿಗೆ ಕಾಕು, “ಅದನ್ನ ಸಂಸಾರ ಮಾಡಿದವ್ರು ಹೇಳಬೇಕ್ರಿ” ಎಂದು ಅಲ್ಲಿಗೇ ನಿಲ್ಲಿಸಿದ್ದರು.

ಅವನ ಕೈಯಲ್ಲಿ ಒಬ್ಬನೇ ಕೂತು ನುಡಿಸುವಷ್ಟು ಇತ್ತು ಎಂದು ತಿಳಿದವರು ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ರಿಯಾಜಿಗೆ, ದಿನದ ಅಭ್ಯಾಸಕ್ಕೆ, ಸೋಮಾರಿ. ಗಂಟೆಗಟ್ಟಲೆ ಪಲ್ಟಾ ಹೊಡೆಯುವುದಕ್ಕಿಂತ ಪೇಟಿಯ ಹೊಟ್ಟೆ ಬಿಚ್ಚಿಕೊಂಡು ಕೂಡುವುದೇ ಇಷ್ಟ. ಪುಣೆಯ ಮಳೆಗಾಲಕ್ಕೆ ಮರ ಉಬ್ಬಿ ಪೇಟಿಯ ಮನೆಗಳು ಕಚ್ಚಿಕೊಳ್ಳುತ್ತವೆ, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಮಂಕಾಗುತ್ತವೆ, ಭಾತಾದ, ಅಂದರೆ ತಿದಿಯ, ಚರ್ಮದಿಂದ ಗಾಳಿ ಸೋರುತ್ತದೆ. ರೀಡಿನ ತುದಿ ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. “ಮನಶಾರದೂ ಹಿಂಗ ಕೆರಿಲಿಕ್ಕೆ ಬರೂಹಂಗಿದ್ರ!” ಅನ್ನುತ್ತಿದ್ದ. ಆಕಾಶವಾಣಿ 1940ರಲ್ಲಿ ಈ ವಾದ್ಯಕ್ಕೆ ಬಾಗಿಲು ಹಾಕಿ 1971ರಲ್ಲಿ ಅರ್ಧಮರ್ಧ ತೆರೆದದ್ದು ಅವನಿಗೆ ದೊಡ್ಡ ಅಭಿಮಾನದ ಸಂಗತಿ. ಬ್ರಿಟಿಷ್ ಸರ್ಕಾರ, ನಮ್ಮ ಸರ್ಕಾರ ಎರಡೂ ಹೆದರಿದ ಪೆಟ್ಟಿಗೆ ಇದೊಂದೇ ಅಂತೆ.

ಹೋದ ಮಳೆಗಾಲದಲ್ಲಿ ನಿದ್ದೆಯಲ್ಲೇ ಹೋದ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಹೇಳಬೇಕಾದದ್ದು ಹದಿಮೂರನೆಯ ದಿನದ್ದು. ಊಟ ಮುಗಿದು, ಭಟ್ಟರು ಹೋಗಿ, ಹಳೆಯ ಮಂದಿ ಗೋಡೆಗೆ ಒರಗಿ ಕೂತಿದ್ದರು. ಒಂದೆರಡು ದಾಸರ ಪದ ಆದವು. ಕಿರಿಯವಳು ಪೇಟಿ ಹಿಡಿದಿದ್ದಳು. ಅಲ್ಲಿ ನಾವೆಲ್ಲ ‘ಮ್ಯಾನೇಜರ್ ಸಾಹೇಬರು’ ಅನ್ನುವ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿದ್ದರು. ಆರಾಧನೆಗೆ ತಪ್ಪದೆ ಹಾಡುವವರು. ವಯಸ್ಸಾದಂತೆ ಹಾಡುವವರು ಸಾಮಾನ್ಯವಾಗಿ ಪಟ್ಟಿ ಇಳಿಸಿಕೊಳ್ಳುತ್ತಾರೆ, ಇವರು ಮಾತ್ರ ಕರಿ ಎರಡು ಬಿಡಲೊಲ್ಲರು. ಪೇಟಿಯವರ ಬೆರಳು ಆ ಮನೆಯ ಮೇಲೆಯೇ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಯೇ ಬಾಯಿ ತೆರೆಯುವರು. ಆ ದಿನವೂ ಅವರು, “ಮೂರು ವರ್ಷದ ಹಿಂದಿನ ಆರಾಧನಿ ನೆನಪದ ಏನ್ರಿ? ಎಪ್ಪತ್ತರ ಮ್ಯಾಲೂ ಕರಿ ಎರಡರಾಗ ತಾರ ಷಡ್ಜ ಹಚ್ಚಿದ್ದೆ!” ಅಂದರು.

ಕಾಕಾನ ಜೊತೆ ತಬಲಾ ನುಡಿಸುತ್ತಿದ್ದ ತಬಲಾ ಮಾಮಾ ನೆಲ ನೋಡುತ್ತಿದ್ದರು. ಆಮೇಲೆ, “ಸಾಹೇಬ್ರ, ಅವ ಇರೂತನಕ ಹೇಳಬ್ಯಾಡ ಅಂದಿದ್ದ. ಈಗ ಹೇಳಲೇನು?” ಎಂದರು.

ಆಗಿದ್ದು ಇಷ್ಟು. ಸ್ಕೇಲ್ ಚೇಂಜರ್ ಪೇಟಿಯಲ್ಲಿ ಹಿಡಿಕೆ ಎತ್ತಿ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಲು ಬರುತ್ತದೆ. ಬೆರಳು ಕರಿ ಎರಡರ ಮೇಲೇ ಇರುತ್ತದೆ, ಕೇಳುವುದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಬಿಳಿ ಎರಡು. ಸಾಹೇಬರು ತಾಲೀಮಿನಲ್ಲಿ ಮೇಲಿನ ಷಡ್ಜಕ್ಕೆ ಒದ್ದಾಡಿದ್ದನ್ನು ನೋಡಿದ್ದ ಕಾಕಾ, ಅವರು ಶಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಡಿಕೆ ಸರಿಸಿದ, ವಿದ್ಯುತ್ ತಂಬೂರಿ ಡಬ್ಬಿಯ ಗುಂಡಿ ತಿರುವಿದ. ತಬಲಾ ಮಾಮಾ ಬಾಯಿಯ ಸುತ್ತ ಹೆಣೆದ ಚರ್ಮದ ಗಜರಾಕ್ಕೆ ಕೆಳಗಿನಿಂದ ಸುತ್ತಿಗೆ ಕೊಟ್ಟು ದಾಯಾಂನ, ಅಂದರೆ ಬಲಗೈ ತಬಲಾದ, ಸ್ವರ ಇಳಿಸಿದರು. ಸಾಹೇಬರು ಬಗ್ಗಿ ನೋಡಿದರು. ಬೆರಳು ಕರಿ ಎರಡು. ಹಾಡಿದರು. ಜನ ಚಪ್ಪಾಳೆ ಹೊಡೆದರು.

ಸಾಹೇಬರು ಒಪ್ಪಲಿಲ್ಲ. ಆ ಹಾಡನ್ನು ಅಳಿಯ ಮೊಬೈಲಿನಲ್ಲಿ ಹಿಡಿದಿದ್ದ, ಅದು ಊರಿಗೆಲ್ಲ ಹಂಚಿಕೆಯಾಗಿತ್ತು. ಅದನ್ನೇ ಹಚ್ಚಿದರು. ಕಿರಿಯವಳು ಪೇಟಿಯ ಹಿಡಿಕೆಯನ್ನು ಎಲ್ಲರಿಗೂ ತೋರಿಸಿ ಮೂಲ ಜಾಗಕ್ಕೆ ತಂದು, ಭಾತಾ ಎಳೆದು ಕರಿ ಎರಡು ಒತ್ತಿದಳು. ಕೂಡಲಿಲ್ಲ. ಬೆರಳು ಪಕ್ಕಕ್ಕೆ ಇಳಿಸಿ ಬಿಳಿ ಎರಡು ಒತ್ತಿದಳು. ಹೋಗಿ ಕೂತುಕೊಂಡಿತು.

ಹದಿಮೂರನೆಯ ದಿನದ ಮನೆ ಎಂಬುದು ಯಾರಿಗೂ ನೆನಪಿರಲಿಲ್ಲ, ಅಷ್ಟು ನಕ್ಕರು. ಸಾಹೇಬರು ಮಾತ್ರ ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದರು. “ಅಂದ್ರ ಅದರ ಹಿಂದಿನ ವರ್ಷದ್ದು? ರಾಜ್ಯೋತ್ಸವದ್ದು?” ತಬಲಾ ಮಾಮಾ, “ಎಲ್ಲಾ ಕೇಳಬ್ಯಾಡ್ರಿ” ಅಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಿಮಗರ ಒಂದ ಪಟ್ಟಿ ಇಳಿಸ್ಯಾರ ಸಾಹೇಬ್ರ. ನನ್ನ ಕಣ್ಣು ತಪ್ಪಿಸಿ ಮನಿಯೊಳಗ ಏನೇನು ಸರಿಸ್ಯಾರೋ, ಇನ್ನ ನೋಡಬೇಕು” ಎಂದು, ಸಕ್ಕರೆ ಇಲ್ಲದ ಚಹಾ ಯಾರ್‍ಯಾರಿಗೆ ಎಂದು ಎಣಿಸತೊಡಗಿದರು.

ಸಾಹೇಬರು ಹಾಡುವುದು ಬಿಟ್ಟಿಲ್ಲ. ಈಗ ಕಿರಿಯವಳೇ ಸಾಥ್. ಕೂಡುವ ಮೊದಲು ಪೇಟಿಯ ಹಿಡಿಕೆ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡುತ್ತಾರೆ. “ಬಿಳಿ ಎರಡ ಇಟ್ಟೀನ್ರಿ ಮಾಮಾ, ಆಣಿಗೂ” ಅನ್ನುತ್ತಾಳೆ ಅವಳು. ಆ ಹೊತ್ತಿಗೆ ತಬಲಾ ಮಾಮಾ ತಮ್ಮ ಸುತ್ತಿಗೆ ಎಲ್ಲಿ ಹೋಯಿತೆಂದು ಬಹಳ ಗಂಭೀರವಾಗಿ ಹುಡುಕುತ್ತಿರುತ್ತಾರೆ.