ಮಿನುಸಿನ್ಸ್ಕ್‌ನ ಕಂಚಿನ ಬಾಕುಗಳನ್ನು ನೋಡಲು ಹೊರಡುವವರಿಗೆ

ದಕ್ಷಿಣ ಸೈಬೀರಿಯಾದ ಮಿನುಸಿನ್ಸ್ಕ್ ಪಟ್ಟಣಕ್ಕೆ ಹೋಗಲು ನನಗಿದ್ದ ಕಾರಣ ಒಂದೇ. ಸುಮಾರು ಕ್ರಿ.ಪೂ. 8ನೇ ಶತಮಾನದಿಂದ ಹಲವು ನೂರು ವರ್ಷ ಯೆನಿಸೇ ನದಿಯ ಆಸುಪಾಸಿನ ಹುಲ್ಲುಗಾವಲಿನಲ್ಲಿ ಕುದುರೆ, ದನ, ಕುರಿಗಳನ್ನು ಮೇಯಿಸಿಕೊಂಡಿದ್ದ ತಗಾರ್ ಸಂಸ್ಕೃತಿಯ ಜನರು ಎರಕ ಹೊಯ್ದ ಕಂಚಿನ ಆಯುಧಗಳನ್ನು ಕಣ್ಣಾರೆ ನೋಡಬೇಕಿತ್ತು. ಅವರನ್ನು ಪೂರ್ತಿ ಅಲೆಮಾರಿಗಳೆನ್ನುವುದು ಸರಿಯಾಗದು, ಅಲ್ಪಸ್ವಲ್ಪ ಬೇಸಾಯವೂ ಅವರಿಗಿತ್ತು; ಆದರೆ ಅವರ ಆಯುಧಗಳು ಕಪ್ಪು ಸಮುದ್ರದವರೆಗೆ ಹಬ್ಬಿದ್ದ ಕುದುರೆ ಸವಾರರ ಲೋಕಕ್ಕೇ ಸೇರಿದವು.

ಮಾಸ್ಕೋದಿಂದ ಅಬಕಾನ್‌ಗೆ ವಿಮಾನದಲ್ಲಿ ಐದು ಗಂಟೆಯ ಹಾದಿ. ಅಲ್ಲಿಂದ ಮಿನುಸಿನ್ಸ್ಕ್ ಸುಮಾರು 25 ಕಿ.ಮೀ. ಭಾರತೀಯರಿಗೆ 2023ರಿಂದ ಇ-ವೀಸಾ ದೊರೆಯುತ್ತಿದೆಯಾದರೂ ಅದು ನಿಗದಿತ ಪ್ರವೇಶದ್ವಾರಗಳಲ್ಲಿ ಮಾತ್ರ ನಡೆಯುವುದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲು ಪಟ್ಟಿಯನ್ನು ನೋಡಿಕೊಳ್ಳಿ. ನಮ್ಮ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ; ಇಡೀ ಪ್ರವಾಸಕ್ಕೆ ಬೇಕಾದಷ್ಟು ನಗದನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ದರೆ ಪಶ್ಚಾತ್ತಾಪ ಪಡಲಾರರು.

ನಾನು ಮಾಡಿದ ತಪ್ಪೆಂದರೆ ಮೊದಲ ದಿನವೇ ವಸ್ತುಸಂಗ್ರಹಾಲಯಕ್ಕೆ ಹೋದದ್ದು. ನಿಕೊಲಾಯ್ ಮಾರ್ತ್ಯಾನೊವ್ ಎಂಬ ಔಷಧ ವ್ಯಾಪಾರಿ 1877ರಲ್ಲಿ ಆರಂಭಿಸಿದ ಈ ಸಂಗ್ರಹಾಲಯದಲ್ಲಿ ರೈತರ ನೇಗಿಲಿಗೆ ಸಿಕ್ಕಿದ ಕಂಚೂ ಸೇರಿದಂತೆ ಎಷ್ಟೊಂದು ಆಯುಧಗಳಿವೆಯೆಂದರೆ, ಎರಡು ಗಂಟೆಯೊಳಗೆ ಎಲ್ಲವೂ ಹಸಿರು ಲೋಹದ ತುಂಡುಗಳಂತೆ ಕಾಣತೊಡಗಿದವು. ಮರುದಿನ ಕಾರು ಗೊತ್ತುಮಾಡಿಕೊಂಡು ಅಬಕಾನ್‌ನ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದ, ತಗಾರ್ ಜನರದೇ ಆದ ಸಾಲ್ಬಿಕ್ ಸಮಾಧಿದಿಬ್ಬಕ್ಕೆ ಹೋದೆ. 1954–56ರಲ್ಲಿ ಪುರಾತತ್ವಜ್ಞ ಸೆರ್ಗೆಯ್ ಕಿಸೆಲ್ಯೊವ್ ಅಗೆದ ಮೇಲೆ ದಿಬ್ಬ ಉಳಿದಿಲ್ಲ. ಆಳೆತ್ತರವನ್ನು ಮೀರಿದ, ಹತ್ತಾರು ಟನ್ ತೂಗುವ ಕಲ್ಲುಗಳ ಚೌಕ ಮಾತ್ರ ಬಯಲಲ್ಲಿ ನಿಂತಿದೆ. ಗೋರಿಯನ್ನು ಪ್ರಾಚೀನ ಕಾಲದಲ್ಲೇ ಕಳ್ಳರು ದೋಚಿದ್ದರು. ಆದರೂ ಆ ಕಲ್ಲುಗಳ ನಡುವೆ ನಿಂತ ಮೇಲೆಯೇ ಆಯುಧಗಳು ಯಾರಿಗಾಗಿ, ಎಂಥ ಮರಣೋತ್ತರ ವೈಭವಕ್ಕಾಗಿ ಮಣ್ಣು ಸೇರಿದವೆಂಬುದು ನನಗೆ ಹೊಳೆಯಿತು. ಆದ್ದರಿಂದ ಮೊದಲು ಸಾಲ್ಬಿಕ್, ಆಮೇಲೆ ಸಂಗ್ರಹಾಲಯ.

ಮೂರನೆಯ ದಿನ ಮತ್ತೆ ಹೋಗಿ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಧಾನವಾಗಿ ನಿಂತೆ. ಬಾಕುವಿನ ಹಿಡಿ, ಅಲಗು ಎರಡೂ ಒಂದೇ ಎರಕ. ಅವು ಕೂಡುವಲ್ಲಿ ಚಿಟ್ಟೆಯ ರೆಕ್ಕೆ ಬಿಚ್ಚಿದಂಥ ಅಡ್ಡಪಟ್ಟಿ. ಪಕ್ಕದಲ್ಲಿ ಚೆಕಾನ್, ಅಂದರೆ ಕೊಕ್ಕಿನಂತೆ ಮೊನೆಯಾದ ಯುದ್ಧಗೊಡಲಿ. ಅದರ ಏಟಿನಿಂದ ತೂತಾದ ತಲೆಬುರುಡೆಗಳು ಈ ಸೀಮೆಯ ಗೋರಿಗಳಲ್ಲಿ ದೊರೆತಿವೆ. ಕಬ್ಬಿಣ ಬಲ್ಲ ನೆರೆಹೊರೆಯವರಿದ್ದರೂ ಇವರು ಬಹುಕಾಲ ಕಂಚನ್ನೇ ನೆಚ್ಚಿಕೊಂಡದ್ದಕ್ಕೆ ಈ ಕಣಿವೆಯ ತಾಮ್ರದ ಅದಿರೂ ಪಳಗಿದ ಎರಕದ ಕೈಗಳೂ ಕಾರಣವಿದ್ದಾವು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊನೆಯ ಹಂತದ ಗೋರಿಗಳ ಪುಟ್ಟ ಆಯುಧಗಳು: ಬೆರಳುದ್ದದ ಬಾಕು, ಆಟಿಕೆಯಂಥ ಕೊಡಲಿ. ಸತ್ತವರ ಜೊತೆ ನಿಜವಾದ ಆಯುಧದ ಬದಲಿಗೆ ಅದರ ಮಾದರಿಯನ್ನಿಡುವ ರೂಢಿ ಆಗ ಬಂದಿತ್ತು. ಅವಸರದಲ್ಲಿರುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ರಷ್ಯನ್ ಲಿಪಿಯನ್ನು ಕಲಿತು ಹೋದರೆ ಫಲಕಗಳನ್ನು ಓದಲು ನಾಲ್ಕು ಪದಗಳೇ ಸಾಕು: ‘ಬ್ರೋಂಜಾ’ ಕಂಚು, ‘ಕಿಂಜಾಲ್’ ಬಾಕು, ‘ನೋಷ್’ ಚಾಕು, ‘ಚೆಕಾನ್’ ಆಗಲೇ ಹೇಳಿದೆ. ಬೇಸಿಗೆಯೇ ಹೋಗಲು ತಕ್ಕ ಕಾಲ, ಆದರೆ ಮೇ, ಜೂನ್‌ನಲ್ಲಿ ಹುಲ್ಲಿನಲ್ಲಿ ಉಣುಗುಗಳ ಕಾಟ ವಿಪರೀತ. ಅವು ಹರಡುವ ಮಿದುಳು ಜ್ವರದ ವೈರಸ್ಸು ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಲಸಿಕೆಯ ವಿಷಯವನ್ನು ವೈದ್ಯರೊಡನೆ ಮೊದಲೇ ಮಾತಾಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ನಡೆಯಿರಿ. ಯಾರಾದರೂ ‘ಹಳೆಯ ಕಂಚು’ ಮಾರಲು ಬಂದರೆ ಮುಟ್ಟಬೇಡಿ. ನೆಲದಿಂದ ತೆಗೆದ ಪ್ರಾಚೀನ ವಸ್ತು ಸರ್ಕಾರದ ಸೊತ್ತು, ಅದನ್ನು ಗಡಿ ದಾಟಿಸುವುದು ಅಪರಾಧ.