ಕೋರಿಕೆಯ ಜೊತೆ ಹೋದ ಊರ ಹೆಸರುಗಳು

ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಕಾಕಾ ಅವರ ಹೊಲಿಗೆ ಅಂಗಡಿಯಿದೆ. ಕಳೆದ ಲಗ್ನದ ಹಂಗಾಮಿನಲ್ಲಿ ಕಾಜಾ, ಗುಂಡಿ ಹಚ್ಚಿಕೊಡಲು ನಾನು ಒಂದು ದಿನವಿಡೀ ಅಲ್ಲಿ ಕುಳಿತಿದ್ದೆ. ಹೊಲಿಗೆ ಯಂತ್ರದ ಪಕ್ಕದ ರೇಡಿಯೊದ ಗಾಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಎಳೆದ ಎರಡು ಗೆರೆಗಳಿದ್ದವು. ಒಂದು ಆಕಾಶವಾಣಿಯದು, ಇನ್ನೊಂದು ಖಾಸಗಿ ಎಫ್‌ಎಂನದು. ಧೂಳು ಒರೆಸಿದಾಗಲೆಲ್ಲ ಅಳಿಸಿಹೋಗುವ ಆ ಗೆರೆಗಳನ್ನು ಕಾಕಾ ಮತ್ತೆ ಎಳೆಯುತ್ತಾರೆ.

ಮಧ್ಯಾಹ್ನ ಎಫ್‌ಎಂನಲ್ಲಿ ಒಂದರ ಹಿಂದೊಂದು ಹೊಸ ಸಿನಿಮಾ ಹಾಡು ಬಂದವು. ಬೆಳಗ್ಗೆ ಕೇಳಿದ್ದೇ ಮತ್ತೆ ಬಂದಾಗ ಕಾಕಾ ಯಂತ್ರ ನಿಲ್ಲಿಸಿ, "ಹಳೆ ಹಾಡ ಮೊಬೈಲ್‌ನಾಗ ಸಿಗ್ತಾವ ತಮ್ಮಾ, ನಮ್ಮೂರ ಹೆಸರ ಎಲ್ಲಿ ಸಿಗಬೇಕು?" ಎಂದರು.

ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಇಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1966ರಲ್ಲಿ. ಕೋರಿಕೆ ಕಾರ್ಯಕ್ರಮಕ್ಕೆ ಅಂಚೆ ಕಾರ್ಡು ಬರೆದವರ ಹೆಸರಿನ ಜೊತೆ ಆಳಂದ, ಜೇವರ್ಗಿ, ಚಿಂಚೋಳಿಯ ಕಡೆಯ ಹಳ್ಳಿಗಳ ಹೆಸರನ್ನೂ ಓದುತ್ತಿದ್ದರು. ಹಾಡಿಗಿಂತ ಮೊದಲು ಬರುವ ಆ ಒಂದು ನಿಮಿಷಕ್ಕಾಗಿಯೇ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಾನು ಮೊದಲು ಕೇಳಿದ್ದೂ ರೇಡಿಯೊದಲ್ಲೇ.

ಖಾಸಗಿ ಎಫ್‌ಎಂ ಆಮೇಲೆ ಬಂದಿತು. ದೇಶದಲ್ಲಿ ಅದರ ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿದ್ದುದರಿಂದ ದೊಡ್ಡ ನಗರದ ಕೇಂದ್ರಗಳಿಗೇ ಉಸಿರು ಕಟ್ಟಿತ್ತು. ಕೇಂದ್ರ ಸರ್ಕಾರದ 2005ರ ನೀತಿಯು ಆದಾಯದ ಶೇ. 4ರಷ್ಟು ಪಾಲು ಕೊಡುವ ಪದ್ಧತಿ ತಂದ ಮೇಲೆಯೇ ಕಲಬುರಗಿಯಂಥ ಊರಿಗೂ ದಾರಿ ತೆರೆಯಿತು. ಆರಂಭದ ದಿನಗಳಲ್ಲಿ ಗಂಜ್ ಮಾರುಕಟ್ಟೆಯ ಹಮಾಲರು, ಕಾಲೇಜಿನ ಹುಡುಗಿಯರು ಫೋನು ಮಾಡಿ ಮಾತಾಡುತ್ತಿದ್ದುದು, ಕನ್ನಡದ ಬೆನ್ನಿಗೇ ಹಿಂದಿ ಹಾಡು ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಈ ಊರಿನ ಕಿವಿ ಹಾಗೇ ಇದೆ, ಆದ್ದರಿಂದ ಅದು ಸಹಜವಾಗಿತ್ತು. ಬರಬರುತ್ತ ಕರೆಗಳು ಕಡಿಮೆಯಾಗಿ ಹಾಡುಗಳ ಪಟ್ಟಿ ಚಿಕ್ಕದಾಯಿತು. ಒಂದೇ ಕಂಪನಿಯ ಕೇಂದ್ರಗಳೆಲ್ಲ ಒಂದೇ ಕಾರ್ಯಕ್ರಮ ಹಂಚಿಕೊಳ್ಳಲು 2011ರ ನೀತಿ ಅವಕಾಶ ಕೊಟ್ಟಿತು. ಒಮ್ಮೆ ಮಾಡಿದ್ದನ್ನು ಹಲವು ಊರುಗಳಲ್ಲಿ ಬಿತ್ತರಿಸಿದರೆ ಖರ್ಚು ಉಳಿಯುವುದು ನಿಜ, ಆದರೆ ಹಾಗೆ ಮಾಡಿದ ಕಾರ್ಯಕ್ರಮದಲ್ಲಿ ಚಿಂಚೋಳಿಯ ಹೆಸರು ಬರುವುದಾದರೂ ಹೇಗೆ?

ತಂತ್ರಜ್ಞಾನದ್ದೂ ಇದರಲ್ಲಿ ಪಾಲಿದೆ. ಆಕಾಶವಾಣಿಯ ಮಧ್ಯಮ ತರಂಗ (ಮೀಡಿಯಂ ವೇವ್) ನೆಲವನ್ನು ಹಿಡಿದು ಬಹುದೂರ ಸಾಗುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗೋಪುರದ ಸುತ್ತಲಿನ ಪ್ರದೇಶಕ್ಕೇ ಸೀಮಿತ. ಕೇಳುಗರು ನಗರದವರೇ ಆದಾಗ ಜಾಹೀರಾತು ಕೊಡುವವರೂ ನಗರದ ಅಂಗಡಿಗಳವರೇ ಆಗುತ್ತಾರೆ, ಹಾಡಿನ ಆಯ್ಕೆಯೂ ಅವರ ಗಿರಾಕಿಗಳ ವಯಸ್ಸನ್ನು ನೋಡಿ ನಡೆಯುತ್ತದೆ. ಬೆಂಗಳೂರಿನಲ್ಲಿ ಒಂದು ಕೇಂದ್ರ ಧಾಟಿ ಬದಲಿಸಿದರೆ ಮುಳ್ಳು ತಿರುಗಿಸಿ ಇನ್ನೊಂದಕ್ಕೆ ಹೋಗಬಹುದು. ಬೆರಳೆಣಿಕೆಯ ಕೇಂದ್ರಗಳಿರುವ ನಮ್ಮಲ್ಲಿ ಆ ಅನುಕೂಲವಿಲ್ಲ. ಇಂಥ ಊರಿನ ಕೇಂದ್ರ ಎಲ್ಲರದೂ ಆಗಿರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಸಂಜೆ ಅಂಗಡಿ ಮುಚ್ಚುವ ಮುನ್ನ ಕಾಕಾ ಹೇಳಿದಂತೆ ನಾನು ಎಫ್‌ಎಂ ಕೇಂದ್ರಕ್ಕೆ ಪತ್ರ ಬರೆದೆ. ಹೊಸ ಹಾಡು ಬೇಡವೆಂದು ಅದರಲ್ಲಿ ಕಾಕಾ ಎಲ್ಲಿಯೂ ಬರೆಸಲಿಲ್ಲ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಕೋರಿಕೆಗೆ ಮೀಸಲಿಡಿ, ಕೇಳಿದವರ ಹೆಸರನ್ನೂ ಊರನ್ನೂ ಓದಿರಿ, ನಡುವೆ ಒಂದಾದರೂ ತತ್ವಪದ ಇರಲಿ ಎಂದು ಬರೆಸಿ, ಕೆಳಗೆ ತಮ್ಮ ಸಹಿಯ ಜೊತೆ ತಾವು ಹುಟ್ಟಿದ ಹಳ್ಳಿಯ ಹೆಸರನ್ನು ಕಾಕಾ ತಾವೇ ಬರೆದರು.